ಹಳದಿ ಕೊರಳಿನ ಪಿಕಳಾರ: ಚಿತ್ರದುರ್ಗದ ಬಂಡೆಗುಡ್ಡಗಳಲ್ಲಿ ನೋಡುವುದು, ಫೋಟೋ ತೆಗೆಯುವುದು ಹೇಗೆ?

ಪಿಕಳಾರ ಅಂದ ತಕ್ಷಣ ನೆನಪಾಗುವುದು ಹಿತ್ತಲಿನ ಪೇರಲ ಮರದಲ್ಲಿ ಗಲಾಟೆ ಮಾಡುವ ಕಪ್ಪು ತಲೆಯ ಹಕ್ಕಿ. ಮನುಷ್ಯರು ಪಕ್ಕದಲ್ಲಿ ಬಟ್ಟೆ ಒಣಗಿಸುತ್ತಿದ್ದರೂ ಅದು ಹಣ್ಣು ಬಿಟ್ಟು ಹೋಗುವುದಿಲ್ಲ. ಅದೇ ಕುಟುಂಬದ ಇನ್ನೊಂದು ಹಕ್ಕಿ ಚಿತ್ರದುರ್ಗದ ಗುಡ್ಡಗಳಲ್ಲಿದೆ. ಸ್ವಭಾವದಲ್ಲಿ ಪೂರ್ತಿ ಉಲ್ಟಾ. ನೀವು ನೋಡುವ ಮೊದಲೇ ಅದು ನಿಮ್ಮನ್ನು ನೋಡಿ ಪೊದೆಗೆ ಇಳಿದಿರುತ್ತದೆ. ಅದು ಹಳದಿ ಕೊರಳಿನ ಪಿಕಳಾರ. ಆ್ಯಪ್‌ಗಳಲ್ಲಿ ಯೆಲ್ಲೋ ಥ್ರೋಟೆಡ್ ಬುಲ್‌ಬುಲ್ ಎಂದು ಹುಡುಕಿದರೆ ಸಿಗುತ್ತದೆ.

ದಕ್ಷಿಣ ಭಾರತದ ಹೊರಗೆ ಈ ಹಕ್ಕಿ ಎಲ್ಲೂ ಇಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡಿನ ಒಣ ಗುಡ್ಡಗಳಲ್ಲಿ ಅಲ್ಲಲ್ಲಿ ಇದೆ. ಕೇರಳದಲ್ಲಿ ಚಿನ್ನಾರ್‌ನಂಥ ಮಳೆ ಕಡಿಮೆ ಬೀಳುವ ಮೂಲೆಯಲ್ಲಿ ಇದೆ. 1845ರಲ್ಲಿ ಥಾಮಸ್ ಜೆರ್ಡನ್ ಎಂಬ ವೈದ್ಯ ಇದನ್ನು ಮೊದಲು ವಿಜ್ಞಾನಕ್ಕೆ ಪರಿಚಯಿಸಿದ. ಈಗ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದು ವಲ್ನರಬಲ್, ಅಂದರೆ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿದೆ. ಇದು ಬದುಕುವ ಗುಡ್ಡಗಳ ಕಲ್ಲಿಗೇ ಕ್ವಾರಿಯವರು ಕಣ್ಣು ಹಾಕಿರುವುದು ಅದಕ್ಕೆ ಒಂದು ದೊಡ್ಡ ಕಾರಣ.

ಈ ಹಕ್ಕಿಯನ್ನು ನೋಡಬೇಕೆಂದರೆ ಮೊದಲು ಬಂಡೆ ನೋಡುವುದನ್ನು ಕಲಿಯಬೇಕು. ಸರಿಯಾದ ಬಂಡೆ, ಸರಿಯಾದ ಪೊದೆ, ಸರಿಯಾದ ಹೊತ್ತು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಲೆನ್ಸ್ ಎಷ್ಟು ಉದ್ದದ್ದು ಅನ್ನುವುದು ಆಮೇಲಿನ ಮಾತು.

ಹಂತ 1: ಮನೆಯಲ್ಲೇ ಹಕ್ಕಿಯನ್ನು ಕಣ್ಣಿಗೆ ಕೂರಿಸಿಕೊಳ್ಳಿ

ಗುಡ್ಡದಲ್ಲಿ ನಿಮಗೆ ಈ ಹಕ್ಕಿ ಕಾಣುವುದು ಎರಡೋ ಮೂರೋ ಸೆಕೆಂಡ್. ಆಗ ಪುಸ್ತಕ ತೆಗೆದು ನೋಡಲು ಆಗುವುದಿಲ್ಲ. ಆದ್ದರಿಂದ ಗುರುತುಗಳು ಮೊದಲೇ ತಲೆಯಲ್ಲಿರಬೇಕು.

ಉದ್ದ ಸುಮಾರು 20 ಸೆಂಟಿಮೀಟರ್. ತಲೆಗೆ ಜುಟ್ಟು ಇಲ್ಲ. ತಲೆಯ ಬಣ್ಣ ಹಳದಿ ಬೆರೆತ ಹಸಿರು. ಗಂಟಲು ಮಾತ್ರ ಚೊಕ್ಕ ಹಳದಿ. ಎದೆ, ಹೊಟ್ಟೆ ಬೂದು. ಬಾಲದ ಬುಡದ ಕೆಳಗೆ ಮತ್ತೆ ಹಳದಿ. ಬಾಲದ ತುದಿ ಮಾಸಲು ತಿಳಿ ಬಣ್ಣ. ಹಾರಿಹೋಗುವಾಗ ಹಿಂದಿನಿಂದ ಕಾಣುವುದು ಈ ತುದಿಯೇ, ಹಾಗಾಗಿ ಅದನ್ನು ಮರೆಯಬೇಡಿ.

ಅದೇ ಪೊದೆಗಳಲ್ಲಿ ಇನ್ನೊಂದು ಹಕ್ಕಿ ಧಾರಾಳವಾಗಿದೆ, ಬಿಳಿಹುಬ್ಬಿನ ಪಿಕಳಾರ. ಹೊಸಬರಿಗೆ ಗೊಂದಲ ಹುಟ್ಟಿಸುವುದು ಇದೇ. ಅದೂ ಜುಟ್ಟಿಲ್ಲದ, ಹಸಿರು ಮಿಶ್ರಿತ ಕಂದು ಹಕ್ಕಿ. ಅದರ ಬಾಲದ ಬುಡದಲ್ಲೂ ತಿಳಿ ಹಳದಿ ಇದೆ. ವ್ಯತ್ಯಾಸ ನೋಡಬೇಕಾದದ್ದು ಮುಖದಲ್ಲಿ. ಕಣ್ಣಿನ ಮೇಲೆ ಬಿಳಿ ಹುಬ್ಬು ಕಂಡರೆ ಅದು ಬಿಳಿಹುಬ್ಬಿನದ್ದು. ಹುಬ್ಬಿಲ್ಲದೆ ಮುಖ ಹಸಿರು ಹಳದಿಯಾಗಿ, ಗಂಟಲು ಚೊಕ್ಕ ಹಳದಿಯಾಗಿ ಕಂಡರೆ ನಿಮ್ಮ ಹಕ್ಕಿ. ಕಪ್ಪು ತಲೆಯ ಸಾಮಾನ್ಯ ಪಿಕಳಾರ ಗುಡ್ಡದಲ್ಲೂ ಇರುತ್ತದೆ. ಅದು ಹಾರುವಾಗ ಸೊಂಟದ ಹತ್ತಿರ ಬೆಳ್ಳಗೆ ಮಿಂಚುವುದರಿಂದ ಬೇಗ ಗೊತ್ತಾಗುತ್ತದೆ.

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಮನೆಯಿದ್ದರೆ ಒಂದು ಅಭ್ಯಾಸ ಮಾಡಿ. ಒಂದು ವಾರ ಬೆಳಿಗ್ಗೆ ಎದ್ದು ಮನೆ ಹತ್ತಿರದ ಪಿಕಳಾರಗಳನ್ನೇ ಬೈನಾಕ್ಯುಲರ್‌ನಲ್ಲಿ ನೋಡಿ. ಹೇಗೆ ಕೂರುತ್ತದೆ, ಕೊಂಬೆಯಿಂದ ಕೊಂಬೆಗೆ ಹೇಗೆ ಜಿಗಿಯುತ್ತದೆ, ಹಣ್ಣು ಹೇಗೆ ಕಿತ್ತು ನುಂಗುತ್ತದೆ ಎಂದು ಗಮನಿಸಿ. ಆ ಕುಟುಂಬದ ನಡೆ ಕಣ್ಣಿಗೆ ಹತ್ತಿದರೆ ಗುಡ್ಡದಲ್ಲಿ ಎಲೆಗಳ ಹಿಂದೆ ಬರೀ ನೆರಳು ಅಲುಗಿದರೂ ಪಿಕಳಾರವೋ ಹರಟೆಮಲ್ಲವೋ ಎಂದು ತಿಳಿಯುತ್ತದೆ.

ಹಂತ 2: ಕಿವಿಗೂ ಸ್ವಲ್ಪ ಕೆಲಸ

ನಾಚಿಕೆಯ ಹಕ್ಕಿಗಳನ್ನು ಮೊದಲು ಕಿವಿಯೇ ಹುಡುಕುವುದು. ಫೋನಿನಲ್ಲಿ ಹಕ್ಕಿ ಗುರುತಿಸುವ ಮೆರ್ಲಿನ್ ಆ್ಯಪ್ ಹಾಕಿಕೊಂಡು ನಮ್ಮ ಭಾಗದ ಹಕ್ಕಿಗಳ ಪ್ಯಾಕ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಗುಡ್ಡದ ಹಿಂಬದಿ ಇಳಿದರೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲೂ ಜನ ಹಾಕಿದ ಧ್ವನಿಮುದ್ರಣಗಳಿವೆ. ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿ.

ಒಂದು ತೊಡಕಿದೆ. ಈ ಹಕ್ಕಿಯ ಕೂಗು ಬಿಳಿಹುಬ್ಬಿನ ಪಿಕಳಾರದ ಕೂಗಿಗೆ ತುಂಬಾ ಹತ್ತಿರ. ಆ್ಯಪ್ ಹೆಸರು ತೋರಿಸಿತು ಎಂದು ಪಟ್ಟಿಗೆ ಸೇರಿಸಬೇಡಿ. ಕೂಗು ಎಲ್ಲಿ ಬಂತು ಎಂದು ಜಾಗ ಗುರುತು ಮಾಡಿಕೊಂಡು ಕಣ್ಣಿಂದ ನೋಡುವವರೆಗೆ ಕಾಯಿರಿ. ಆ ಧ್ವನಿಗಳನ್ನು ಗುಡ್ಡದಲ್ಲಿ ಜೋರಾಗಿ ಹಾಕಿ ಹಕ್ಕಿಯನ್ನು ಕರೆಯುವುದಂತೂ ಬೇಡವೇ ಬೇಡ. ಯಾಕೆಂದು ಮುಂದೆ ಹೇಳುತ್ತೇನೆ.

ಹಂತ 3: ಬಂಡೆಯನ್ನು ಆರಿಸಿಕೊಳ್ಳುವುದು

ಚಿತ್ರದುರ್ಗದ ಕೋಟೆ ಗುಡ್ಡ ಮತ್ತು ಜೋಗಿಮಟ್ಟಿ, ಎರಡರಲ್ಲೂ ಈ ಹಕ್ಕಿಯನ್ನು ನೋಡಿದ ದಾಖಲೆಗಳಿವೆ. ಊರಿನಿಂದ ಜೋಗಿಮಟ್ಟಿ ಹತ್ತು ಕಿಲೋಮೀಟರ್ ಆಸುಪಾಸು. ದಾವಣಗೆರೆಯಿಂದ ಬರುವವರಿಗೆ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ 60 ಕಿಲೋಮೀಟರ್ ಸುಮಾರು. ಬೆಳಿಗ್ಗೆ ನಾಲ್ಕೂವರೆಗೆ ಹೊರಟರೆ ಆರಾಮಾಗಿ ಬೆಳಕು ಹರಿಯುವ ಮೊದಲು ತಲುಪಬಹುದು. ಬೆಣ್ಣೆ ದೋಸೆ ವಾಪಸ್ ಹೋಗಿ ತಿಂದರಾಯಿತು, ಬೆಳಗಿನ ಮೊದಲ ಎರಡು ಗಂಟೆ ಮಾತ್ರ ವಾಪಸ್ ಸಿಗುವುದಿಲ್ಲ.

ಗುಡ್ಡ ಎಷ್ಟು ದೊಡ್ಡದಾದರೂ ಹಕ್ಕಿ ಇರುವ ಜಾಗ ಸಣ್ಣದು. ನಾಲ್ಕು ಸಂಗತಿ ಒಂದೆಡೆ ಸೇರಿರುವ ತಾಣ ಹುಡುಕಿ.

ಮೊದಲನೆಯದು ಒಂದರ ಮೇಲೊಂದು ಬಿದ್ದ ದೊಡ್ಡ ಗುಂಡುಕಲ್ಲುಗಳು. ಸಪಾಟಾದ ಹಾಸುಬಂಡೆ ಅಷ್ಟು ಪ್ರಯೋಜನಕ್ಕೆ ಬರುವುದಿಲ್ಲ. ಗುಂಡುಗಳ ನಡುವೆ ಸಂದಿ ಇರಬೇಕು, ನೆರಳು ಇರಬೇಕು. ಎರಡನೆಯದು ಆ ಸಂದಿಗಳಲ್ಲಿ ಬೆಳೆದ ದಟ್ಟ ಪೊದೆ. ಕಾರೆ, ಕವಳೆ, ಲಂಟಾನ, ಬಂದ್ರೆ, ಯಾವುದಾದರೂ ಸರಿ. ಮೂರನೆಯದು ಹಣ್ಣು. ಬಂಡೆಯ ಬಿರುಕಿನಲ್ಲಿ ಬೇರು ಇಳಿಸಿ ನಿಂತ ಆಲ, ಬಸರಿ, ಅತ್ತಿ ಜಾತಿಯ ಮರಗಳು ನಮ್ಮ ಗುಡ್ಡಗಳಲ್ಲಿ ಸಾಕಷ್ಟಿವೆ. ಇಂಥ ಮರಗಳಿಗೆ ನಿಗದಿಯಾದ ಕಾಲ ಇಲ್ಲ. ಒಂದು ಮರ ಮುಗಿಸುವಾಗ ಇನ್ನೊಂದು ಶುರು ಮಾಡುತ್ತದೆ. ಹಾಗಾಗಿ ಈ ತಿಂಗಳು ಯಾವ ಮರದಲ್ಲಿ ಹಣ್ಣಿದೆ ಅನ್ನುವ ಮಾಹಿತಿ ಯಾವ ಮ್ಯಾಪ್‌ನಲ್ಲೂ ಸಿಗುವುದಿಲ್ಲ. ಗುಡ್ಡದ ಬುಡದ ಊರಿನಲ್ಲಿ ಕುರಿ ಕಾಯುವವರನ್ನು ಕೇಳಿ. "ಯಜಮಾನ್ರೆ, ಮ್ಯಾಲೆ ಯಾವ ಮರ ಹಣ್ಣು ಬಿಟ್ಟೈತೆ? ದೊಣೇಲಿ ನೀರೈತಾ?" ಅಂದರೆ ಸಾಕು, ಕೈ ತೋರಿಸಿ ಹೇಳುತ್ತಾರೆ.

ನಾಲ್ಕನೆಯದು ಆ ದೊಣೆಯೇ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಲ್ಲುವ ಜಾಗ. ನವೆಂಬರ್, ಡಿಸೆಂಬರ್‌ನಲ್ಲಿ ಎಲ್ಲ ಕಡೆ ಸ್ವಲ್ಪ ಹಸಿ ಇರುವುದರಿಂದ ದೊಣೆಗೆ ಬೆಲೆ ಇಲ್ಲ. ಮಾರ್ಚ್ ಬಂತೆಂದರೆ ಲೆಕ್ಕ ಬದಲಾಗುತ್ತದೆ. ನೀರು ಉಳಿದಿರುವ ಒಂದೆರಡು ದೊಣೆಗಳಿಗೆ ಹಕ್ಕಿಗಳೆಲ್ಲ ಬರುತ್ತವೆ. ಬೇಸಿಗೆಯಲ್ಲಿ ಫೋಟೋಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅದೇ ನೀರಿಗೆ ಕರಡಿಯೂ ಬರುತ್ತದೆ. ಸಂಜೆ ಹೊತ್ತು ದೊಣೆಯ ಹತ್ತಿರ ಕೂರಬೇಡಿ.

ಜಾಗ ಹುಡುಕುವ ಕೆಲಸವನ್ನು ಫೋಟೋ ತೆಗೆಯುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಹಿಂದಿನ ದಿನ ಬೆಳಿಗ್ಗೆ ಹತ್ತರ ಮೇಲೆ, ಹಕ್ಕಿಗಳು ಸುಮ್ಮನಾದ ಹೊತ್ತಿನಲ್ಲಿ, ಬರಿಗೈಯಲ್ಲಿ ಸುತ್ತಾಡಿ ಬನ್ನಿ. ಬಂಡೆಯ ಮೇಲೆ ಹಣ್ಣಿನ ಬೀಜ ಇರುವ ಹಿಕ್ಕೆ ಬಿದ್ದಿದೆಯಾ, ಮರದ ಕೆಳಗೆ ಕುಕ್ಕಿದ ಹಣ್ಣು ಇದೆಯಾ ನೋಡಿ. ಮರುದಿನ ಸೂರ್ಯ ಯಾವ ಕಡೆಯಿಂದ ಬರುತ್ತಾನೆ, ನಿಮ್ಮ ಬೆನ್ನು ಪೂರ್ವಕ್ಕೆ ಬರುವಂತೆ ಎಲ್ಲಿ ಕೂರಬಹುದು ಎಂದು ನಿಂತು ನೋಡಿ.

ಕಾಲದ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗುಡ್ಡಗಳ ಮೇಲೆ ಗಾಳಿ ಜೋರು. ಇಲ್ಲಿ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಆ ಗಾಳಿಯಲ್ಲಿ ಹಕ್ಕಿ ಪೊದೆಯ ತುದಿಗೆ ಬರುವುದು ಕಡಿಮೆ, ಕೂಗೂ ಕೇಳಿಸುವುದಿಲ್ಲ, ಎಲೆಗಳೆಲ್ಲ ಅಲ್ಲಾಡಿ ಕಣ್ಣಿಗೆ ಮೋಸ ಮಾಡುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸೀತಾಫಲ ಕೀಳಲು ಗುಡ್ಡದಲ್ಲಿ ಜನ ಓಡಾಡುತ್ತಿರುತ್ತಾರೆ. ನನ್ನ ಕೇಳಿದರೆ ನವೆಂಬರ್‌ನಿಂದ ಫೆಬ್ರವರಿ ನೋಡುವುದಕ್ಕೆ ಒಳ್ಳೆಯದು, ಮಾರ್ಚ್ ಮತ್ತು ಏಪ್ರಿಲ್ ಫೋಟೋಗೆ ಒಳ್ಳೆಯದು.

ಹಂತ 4: ಅನುಮತಿ, ಮತ್ತು ಪ್ರಾಣ ಉಳಿಸಿಕೊಳ್ಳುವ ವಿಷಯ

ಜೋಗಿಮಟ್ಟಿ ಈಗ ವನ್ಯಜೀವಿ ಧಾಮ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗೇಟ್ ಎಷ್ಟು ಹೊತ್ತಿಗೆ ತೆರೆಯುತ್ತದೆ, ನಡೆದು ಹೋಗಲು ಬಿಡುತ್ತಾರಾ, ಜೊತೆಗೆ ವಾಚರ್ ಬರುತ್ತಾರಾ ಎಂದು ಮೊದಲೇ ಕಚೇರಿಯಲ್ಲಿ ವಿಚಾರಿಸಿ. ವಾಚರ್ ಸಿಕ್ಕರೆ ಅದು ನಿಮ್ಮ ಭಾಗ್ಯ. ಡ್ರೋನ್ ತರಲೇಬೇಡಿ.

ಕೋಟೆ ಪುರಾತತ್ವ ಇಲಾಖೆಯದ್ದು. ಟಿಕೆಟ್ ತಗೊಂಡು ಹೋಗಬಹುದು, ಆದರೆ ಟ್ರೈಪಾಡ್ ಬಳಸಲು ಪ್ರತ್ಯೇಕ ಅನುಮತಿ ಬೇಕು. ಭಾನುವಾರ ಬಿಟ್ಟು ಬೇರೆ ದಿನ ಹೋಗಿ. ಗೋಪಾಲಸ್ವಾಮಿ ಹೊಂಡ ದಾಟಿ ಪ್ರವಾಸಿಗರು ಕಡಿಮೆ ಇರುವ ಕಡೆ ನಡೆದರೆ ಕುರುಚಲು ಶುರುವಾಗುತ್ತದೆ. ಚಂದ್ರವಳ್ಳಿಯಲ್ಲೂ ಅದೇ ಬಗೆಯ ಗುಂಡುಕಲ್ಲುಗಳಿವೆ. ಮೊದಲ ಸಲ ಬಂಡೆ, ಪೊದೆ ನೋಡುವ ಕಣ್ಣು ಪಳಗಿಸಿಕೊಳ್ಳಲು ಅದು ಸುಲಭದ ಜಾಗ.

ಈಗ ಅಪಾಯಗಳು. ಇದನ್ನು ಓದದೆ ಮುಂದಕ್ಕೆ ಹೋಗಬೇಡಿ.

ಕರಡಿ ಹಗಲು ಮಲಗುವುದು ಇಂಥ ಬಂಡೆ ಸಂದಿಗಳಲ್ಲೇ. ನೀವು ಪಿಕಳಾರಕ್ಕೆಂದು ಹುಡುಕುವ ಜಾಗವೂ ಅದೇ. ಗುಹೆಯಂತಿರುವ ಸಂದಿಗೆ ಬಗ್ಗಿ ನೋಡಬೇಡಿ. ಒಬ್ಬರೇ ಹೋಗಬೇಡಿ. ತಿರುವು ಬಂದಾಗ ಸ್ವಲ್ಪ ಮಾತಾಡುತ್ತಾ ನಡೆಯಿರಿ. ಹಕ್ಕಿ ಹೆದರಿದರೂ ಪರವಾಗಿಲ್ಲ, ಆಮೇಲೆ ಬರುತ್ತದೆ. ಗದ್ದಲವಿಲ್ಲದೆ ಹೋಗಿ ಕರಡಿಯ ಎದುರು ನಿಂತರೆ ಕಷ್ಟ. ಚಿರತೆಯೂ ಇದೆ, ಆದರೆ ಅದು ಸಾಮಾನ್ಯವಾಗಿ ತಾನೇ ದೂರ ಸರಿಯುತ್ತದೆ.

ಎರಡನೆಯದು ಹೆಜ್ಜೇನು. ದೊಡ್ಡ ಬಂಡೆಗಳ ಹೊರಚಾಚಿನ ಕೆಳಗೆ ಹುಟ್ಟು ಕಟ್ಟಿರುತ್ತವೆ. ಕೂರುವ ಮೊದಲು ತಲೆಯೆತ್ತಿ ಸುತ್ತಲೂ ಬೈನಾಕ್ಯುಲರ್‌ನಲ್ಲಿ ನೋಡಿ. ಸೆಂಟ್ ಹಾಕಿಕೊಂಡು ಬರಬೇಡಿ. ಬೀಡಿ, ಸಿಗರೇಟ್ ಹೊಗೆ ಅಂತೂ ಕೂಡದು. ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು ಎನ್ನುವುದು ಬೇರೆ. ಮೂರನೆಯದು ಹಾವು. ಕೊಳಕುಮಂಡಲ ಬಂಡೆ ಬುಡದ ತರಗೆಲೆಯಲ್ಲಿ ಕಾಣುವುದೇ ಇಲ್ಲ. ಕೈ ಊರುವ ಮುನ್ನ ನೋಡಿ, ಪಾದ ಮುಚ್ಚುವ ಬೂಟು ಹಾಕಿ. ಆ ಬೂಟಿನ ಅಡಿ ಜಾರದಂತಿರಲಿ. ಮಳೆ ಬಿದ್ದ ಕಲ್ಲಿನ ಮೇಲೆ ಕ್ಯಾಮೆರಾ ಹಿಡಿದು ಬಿದ್ದರೆ ಅದೂ ನಿಮ್ಮ ಮೂಳೆಯೂ ಎರಡೂ ಮುರಿಯುತ್ತವೆ.

ಹಂತ 5: ಏನೇನು ತಗೊಂಡು ಹೋಗಬೇಕು

ಬೈನಾಕ್ಯುಲರ್ 8x42, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವುದು, ಆದರೆ ಸಾಕು. ಹತ್ತು ಪಟ್ಟು ದೊಡ್ಡದು ಮಾಡುವುದು ಕೈಯಲ್ಲಿ ಅಲುಗುತ್ತದೆ, ಪೊದೆಯಲ್ಲಿ ಹಕ್ಕಿಯನ್ನು ಹಿಡಿಯಲು ಅಗಲದ ನೋಟ ಬೇಕು.

ಕ್ಯಾಮೆರಾ ವಿಷಯದಲ್ಲಿ ಲೆಕ್ಕ ಹಾಕಿ ನೋಡಿ. ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಸಣ್ಣದು) ಇರುವ ಕ್ಯಾಮೆರಾಗೆ 400 ಎಂಎಂ ಲೆನ್ಸ್ ಹಾಕಿದಿರಿ, ಹಕ್ಕಿ 15 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಆಗ ಫ್ರೇಮಿನ ಅಗಲ ಸುಮಾರು 90 ಸೆಂಟಿಮೀಟರ್. 20 ಸೆಂಟಿಮೀಟರ್ ಹಕ್ಕಿ ಅದರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ ತುಂಬುತ್ತದೆ. ಇದು ಒಳ್ಳೆಯ ಫೋಟೋಗೆ ಸಾಕಾದ ಅಳತೆ. 600 ಎಂಎಂನಲ್ಲಿ ಮೂರನೇ ಒಂದು ಭಾಗ ತುಂಬುತ್ತದೆ. ಅಂದರೆ 150-600 ಅಥವಾ 200-500 ಜೂಮ್ ಇದ್ದವರಿಗೆ ಬೇರೇನೂ ಬೇಡ. ನಿಕಾನ್ ಪಿ950ನಂಥ, ಲೆನ್ಸ್ ಬದಲಿಸಲಾಗದ ಬ್ರಿಡ್ಜ್ ಕ್ಯಾಮೆರಾ ಇದ್ದರೂ ಬೆಳಕು ಚೆನ್ನಾಗಿರುವಾಗ ಕೆಲಸ ಆಗುತ್ತದೆ, ಆದರೆ ಅದರ ಜೂಮ್ ಪೂರ್ತಿ ಎಳೆಯಬೇಡಿ.

ಟ್ರೈಪಾಡ್ ನಾನು ಶಿಫಾರಸು ಮಾಡುವುದಿಲ್ಲ. ಗುಂಡುಗಳ ನಡುವೆ ಅದರ ಕಾಲು ಬಿಡಿಸುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ಬದಲಿಗೆ ದಪ್ಪ ಬಟ್ಟೆಯ ಒಂದು ಚೀಲ ಹೊಲಿಸಿ, ಹುರುಳಿಯನ್ನೋ ರಾಗಿಯನ್ನೋ ಮುಕ್ಕಾಲು ತುಂಬಿ. ಬಂಡೆ ಮೇಲೆ ಅದನ್ನಿಟ್ಟು ಲೆನ್ಸ್ ಕೂರಿಸಿದರೆ ಅಲುಗಾಡುವುದಿಲ್ಲ. ಹಗುರ ಇರಲಿ ಎಂದು ಮಂಡಕ್ಕಿ ತುಂಬಬೇಡಿ, ಒಂದೇ ಬೆಳಿಗ್ಗೆಗೆ ಪುಡಿಯಾಗುತ್ತದೆ. ಮಂಡಕ್ಕಿಯ ಜಾಗ ಮಿರ್ಚಿಯ ಪಕ್ಕ.

ಬಟ್ಟೆ ಮಣ್ಣಿನ ಬಣ್ಣದ್ದು ಅಥವಾ ಬೂದು. ಮಿಲಿಟರಿ ಹಸಿರು ಎಲ್ಲರೂ ಹಾಕುತ್ತಾರೆ, ಆದರೆ ಬಂಡೆಯ ಮುಂದೆ ಬೂದು ಬಣ್ಣವೇ ಹೆಚ್ಚು ಹೊಂದುತ್ತದೆ. ನೀರು ಒಬ್ಬರಿಗೆ ಎರಡು ಲೀಟರ್. ಕಲ್ಲು ಕಾದ ಮೇಲೆ ಬಾಯಾರಿಕೆ ಜಾಸ್ತಿ.

ಹಂತ 6: ಕೂರುವುದು

ಬೆಳಗಿನ ಹೊತ್ತು ಮುಖ್ಯ ಅನ್ನುವುದು ಎಲ್ಲ ಹಕ್ಕಿಗಳಿಗೂ ಅನ್ವಯಿಸುವ ಮಾತು. ಇಲ್ಲಿ ಅದಕ್ಕೆ ಇನ್ನೊಂದು ಕಾರಣವಿದೆ. ಗ್ರಾನೈಟ್ ಬಂಡೆ ಬಿಸಿಲಿಗೆ ಬೇಗ ಕಾಯುತ್ತದೆ. ಕಾದ ಕಲ್ಲಿನ ಮೇಲಿನ ಗಾಳಿ ನಡುಗುತ್ತದೆ. ಕಣ್ಣಿಗೆ ಅದು ಕಾಣದಿದ್ದರೂ ಉದ್ದ ಲೆನ್ಸಿಗೆ ಕಾಣುತ್ತದೆ. ಫೋಕಸ್ ಸರಿ ಇದ್ದರೂ ಫೋಟೋ ನೀರಿನೊಳಗಿಂದ ತೆಗೆದಂತೆ ಮೆತ್ತಗಾಗುತ್ತದೆ. ಜನ ಲೆನ್ಸಿಗೆ ಬೈಯುತ್ತಾರೆ, ಸರ್ವಿಸ್‌ಗೆ ಕೊಡುತ್ತಾರೆ. ತಪ್ಪು ಬಂಡೆಯದ್ದು. ಬೇಸಿಗೆಯಲ್ಲಿ ಒಂಬತ್ತರ ಹೊತ್ತಿಗೇ ಇದು ಶುರು. ಆಮೇಲೆ ತೆಗೆಯಲೇಬೇಕೆಂದರೆ ಹಕ್ಕಿ ತೀರಾ ಹತ್ತಿರ ಇರಬೇಕು, ಇಲ್ಲವೇ ನಿಮ್ಮ ಮತ್ತು ಹಕ್ಕಿಯ ನಡುವೆ ಬರೀ ಬಂಡೆ ಇರದೆ ನೆರಳಿನ ಪೊದೆ ಇರಬೇಕು.

ಆದ್ದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ನೀವು ಕೂತಾಗಿರಬೇಕು. ಜನವರಿಯಲ್ಲಿ ಏಳಕ್ಕೆ ಸ್ವಲ್ಪ ಮುಂಚೆ, ಮೇ ತಿಂಗಳಲ್ಲಿ ಆರರ ಆಸುಪಾಸು. ಗೇಟಿನ ಸಮಯದಿಂದ ಅಷ್ಟು ಬೇಗ ಆಗದಿದ್ದರೆ, ಪೂರ್ವಕ್ಕೆ ಗುಡ್ಡದ ಅಡ್ಡ ಇರುವ ಇಳಿಜಾರು ಆರಿಸಿ. ಅಲ್ಲಿ ಬಿಸಿಲು ತಡವಾಗಿ ಬೀಳುವುದರಿಂದ ಹಕ್ಕಿಯ ಬೆಳಗೂ ತಡವಾಗಿ ಮುಗಿಯುತ್ತದೆ.

ಕೂರುವ ಜಾಗ ಹಣ್ಣಿನ ಮರದಿಂದ ಅಥವಾ ದೊಣೆಯಿಂದ 15 ರಿಂದ 20 ಮೀಟರ್ ದೂರ ಇರಲಿ. ಇನ್ನೂ ಹತ್ತಿರ ಹೋಗುವ ಆಸೆ ಬೇಡ. ಬೆನ್ನಿಗೆ ಒಂದು ಬಂಡೆ ಇರಲಿ. ಆಕಾಶದ ಎದುರು ನಿಮ್ಮ ತಲೆಯ ಆಕಾರ ಕಾಣಬಾರದು, ಹಕ್ಕಿಗಳು ಮೊದಲು ಗುರುತಿಸುವುದು ಅದನ್ನೇ. ಮೊಬೈಲ್ ಸೈಲೆಂಟ್ ಮಾಡಿ, ಸ್ಕ್ರೀನಿನ ಬೆಳಕು ತಗ್ಗಿಸಿ. ಜೊತೆಯವರೊಂದಿಗೆ ಮಾತು ಈಗ ನಿಲ್ಲಲಿ.

ಮೊದಲ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ನಿಮ್ಮ ಬರವಿನಿಂದ ಕಲಕಿದ ಜಾಗ ತಿಳಿಯಾಗಲು ಅಷ್ಟು ಬೇಕು. ಸಾಮಾನ್ಯ ಪಿಕಳಾರ, ಸೂರಕ್ಕಿ, ಹರಟೆಮಲ್ಲಗಳು ಮೊದಲು ವಾಪಸ್ ಬರುತ್ತವೆ. ಅವು ನಿಮ್ಮನ್ನು ಲೆಕ್ಕಿಸದೆ ತಿನ್ನಲು ಶುರು ಮಾಡಿದರೆ ಸರಿಯಾಗಿ ಕೂತಿದ್ದೀರಿ ಎಂದರ್ಥ. ಬೇಟೆ ಹಕ್ಕಿ ಬಿಜ್ಜು ಮೇಲೆ ಹಾರಿತು, ಎಲ್ಲವೂ ಒಮ್ಮೆಲೆ ಮೌನವಾದವು ಅಂದರೆ ಗಡಿಯಾರ ಮತ್ತೆ ಸೊನ್ನೆಯಿಂದ.

ಹಳದಿ ಕೊರಳಿನ ಪಿಕಳಾರ ಬರುವ ರೀತಿ ಹೀಗಿರುತ್ತದೆ. ಪೊದೆಯೊಳಗೆ ಕೂಗು. ಸ್ವಲ್ಪ ಹೊತ್ತು ಸುಮ್ಮನೆ. ಆಮೇಲೆ ಪೊದೆಯ ತುದಿಗೋ ಗುಂಡಿನ ನೆತ್ತಿಗೋ ಒಮ್ಮೆ ಏರಿ ಸುತ್ತ ನೋಡುತ್ತದೆ. ಜೋಡಿಯಾಗಿಯೋ ನಾಲ್ಕೈದರ ಸಣ್ಣ ಗುಂಪಾಗಿಯೋ ಓಡಾಡುವುದು ರೂಢಿ. ಒಂದು ಕಂಡರೆ ಇನ್ನೊಂದು ಹಿಂದೆಯೇ ಇರುತ್ತದೆ. ಮೊದಲು ಬಂದ ಹಕ್ಕಿಗೆ ಕ್ಯಾಮೆರಾ ತಿರುಗಿಸಬೇಡಿ. ಆ ಚಲನೆಗೆ ಎರಡೂ ಹೋಗುತ್ತವೆ. ಅದು ತಲೆ ತಗ್ಗಿಸಿ ಹಣ್ಣಿಗೆ ಬಾಯಿ ಹಾಕುವವರೆಗೆ ಕಾದು, ಆಮೇಲೆ ನಿಧಾನವಾಗಿ ಲೆನ್ಸ್ ತನ್ನಿ. ಇನ್ನೂ ಒಳ್ಳೆಯದು ಲೆನ್ಸನ್ನು ಆ ಮರದ ಕಡೆಗೇ ಮೊದಲಿನಿಂದ ತಿರುಗಿಸಿ ಇಟ್ಟು, ಕಣ್ಣು ಮಾತ್ರ ಓಡಿಸುವುದು.

ಎದ್ದು ಹಿಂಬಾಲಿಸುವುದರಿಂದ ಏನೂ ಸಿಗುವುದಿಲ್ಲ. ಅದು ಬಂಡೆಯ ಈ ಬದಿಯಿಂದ ಆ ಬದಿಗೆ ಅರೆಗಳಿಗೆಯಲ್ಲಿ ಹಾರುತ್ತದೆ. ನಿಮಗೆ ಅದೇ ದಾರಿ ಸುತ್ತಿಕೊಂಡು ಹೋಗಲು ಹತ್ತು ನಿಮಿಷ ಬೇಕು, ಮುಳ್ಳು ಬೇರೆ.

ಹಂತ 7: ಕ್ಯಾಮೆರಾ ಸೆಟ್ಟಿಂಗ್

ಮ್ಯಾನ್ಯುಯಲ್ ಮೋಡ್, ಆಟೋ ಐಎಸ್‌ಒ. ಅಂದರೆ ಶಟರ್, ಅಪರ್ಚರ್ ನೀವು ಇಡುವುದು, ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್‌ಒ ಕ್ಯಾಮೆರಾ ಇಡುವುದು. ನನಗೆ ಇದೇ ಅತಿ ಸುಲಭ ಅನ್ನಿಸುತ್ತದೆ. ಶಟರ್ 1/1000. ಬೆಳಕು ತೀರಾ ಕಡಿಮೆ ಇದ್ದು ಹಕ್ಕಿ ಅಲುಗದೆ ಕೂತಿದ್ದರೆ 1/500ಕ್ಕೆ ಇಳಿಸಬಹುದು. ಅಪರ್ಚರ್ ಲೆನ್ಸ್ ಕೊಡುವಷ್ಟು ತೆರೆದಿಡಿ, ಎಫ್ 5.6 ಅಥವಾ 6.3. ಐಎಸ್‌ಒ ಮೇಲ್ಮಿತಿ 3200, ಹೊಸ ಕ್ಯಾಮೆರಾ ಆದರೆ 6400. ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಮ್ಯಾನ್ಯುಯಲ್ ಜೊತೆ ಆಟೋ ಐಎಸ್‌ಒ ಇಟ್ಟರೆ ಎಕ್ಸ್‌ಪೋಶರ್ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ಅಂಥದ್ದಿದ್ದರೆ ಅಪರ್ಚರ್ ಪ್ರಯಾರಿಟಿ ಬಳಸಿ, ಕನಿಷ್ಠ ಶಟರ್ ವೇಗ ಮೆನುವಿನಲ್ಲಿ ನಿಗದಿ ಮಾಡಿ.

ಎಕ್ಸ್‌ಪೋಶರ್ ಇಲ್ಲಿ ಸ್ವಲ್ಪ ಆಟ ಆಡಿಸುತ್ತದೆ. ಹಕ್ಕಿ ಬಿಸಿಲು ಬಿದ್ದ ಬಂಡೆಯ ಮುಂದೆ ಇದ್ದಾಗ ಕ್ಯಾಮೆರಾ ಬಂಡೆಯ ಹೊಳಪಿಗೆ ಮೋಸಹೋಗಿ ಹಕ್ಕಿಯನ್ನು ಕಪ್ಪಾಗಿಸುತ್ತದೆ. ಅರ್ಧ ಸ್ಟಾಪ್ ಮೇಲಕ್ಕೆ ಕೊಡಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಬಿಳಿ ಆಕಾಶದ ಎದುರಾದರೆ ಒಂದರಿಂದ ಒಂದೂವರೆ ಸ್ಟಾಪ್. ಕಪ್ಪು ಸಂದಿಯ ಮುಂದೆ ಹಕ್ಕಿಗೆ ಮಾತ್ರ ಬಿಸಿಲು ಬಿದ್ದಿದ್ದರೆ ಉಲ್ಟಾ, ಒಂದು ಸ್ಟಾಪ್ ಕೆಳಗೆ. ಈ ಮೂರನೆಯ ಸಂದರ್ಭದಲ್ಲೇ ಹಳದಿ ಗಂಟಲು ಕೆಡುವುದು. ಹಳದಿಯಲ್ಲಿ ಕೆಂಪು ಮತ್ತು ಹಸಿರು ಎರಡೂ ಜಾಸ್ತಿ. ಆ ಚಾನೆಲ್‌ಗಳು ಮೊದಲು ತುಂಬಿಹೋಗಿ ಗಂಟಲಿನ ಪುಕ್ಕಗಳೆಲ್ಲ ಒಂದೇ ಮಚ್ಚೆಯಾಗುತ್ತವೆ. ಬೆಳಕಿನ ಹಂಚಿಕೆ ತೋರಿಸುವ ಸಾದಾ ಹಿಸ್ಟೋಗ್ರಾಮ್‌ನಲ್ಲಿ ಇದು ಕಾಣದೆ ಹೋಗಬಹುದು, ಬಣ್ಣ ಬಣ್ಣಕ್ಕೂ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡಿಕೊಳ್ಳಿ. ಫೈಲ್ ರಾ (RAW), ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿರಲಿ.

ಒಂದು ಅನುಕೂಲವೂ ಇದೆ. ಬಿಸಿಲು ಬಿದ್ದ ತಿಳಿ ಬಂಡೆಯಿಂದ ಬೆಳಕು ಮೇಲಕ್ಕೆ ಚಿಮ್ಮುತ್ತದೆ. ಅದರ ಪಕ್ಕದ ಪೊದೆಯಲ್ಲಿ ಕೂತ ಹಕ್ಕಿಯ ಬೂದು ಹೊಟ್ಟೆ, ಗಂಟಲಿನ ಕೆಳಭಾಗ ಎರಡಕ್ಕೂ ಆ ಬೆಳಕು ಸಿಗುತ್ತದೆ. ಫ್ಲ್ಯಾಶ್ ಬೇಕಾಗುವುದೇ ಇಲ್ಲ, ಬಳಸಲೂಬಾರದು.

ಫೋಕಸ್‌ಗೆ ಒಂದೇ ಪಾಯಿಂಟ್ ಆರಿಸಿ, ಅದನ್ನು ಕಣ್ಣಿನ ಮೇಲಿಡಿ. ಮಿರರ್‌ಲೆಸ್ ಕ್ಯಾಮೆರಾಗಳ ಕಣ್ಣು ಹುಡುಕುವ ಸೌಲಭ್ಯ ಬಯಲಿನಲ್ಲಿ ಅದ್ಭುತ. ಕಾರೆ ಮುಳ್ಳಿನ ನಡುವೆ ಅದು ಕೊಂಬೆಯನ್ನೇ ಹಿಡಿದು ಕೂರುವುದುಂಟು. ಹಾಗಾದಾಗ ಸಣ್ಣ ಜಾಗಕ್ಕೆ ಸೀಮಿತಗೊಳಿಸಿ. 400 ಎಂಎಂ, ಎಫ್ 5.6, 15 ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 30 ಸೆಂಟಿಮೀಟರ್. ಹಕ್ಕಿ ಪೂರ್ತಿ ಅದರೊಳಗೆ ಬರುತ್ತದೆ, ಆದರೆ ಮುಂದಿನ ಕೊಂಬೆಗೆ ಫೋಕಸ್ ಹೋದರೆ ಹಕ್ಕಿ ಪೂರ್ತಿ ಹೊರಗೆ. ಸದ್ದಿಲ್ಲದ ಶಟರ್ ಇದ್ದರೆ ಹಾಕಿ. ಇಲ್ಲದಿದ್ದರೆ ಒಂದೇ ಸಮನೆ ಒತ್ತದೆ ಎರಡು ಮೂರು ಫ್ರೇಮ್‌ಗಳ ತುಣುಕುಗಳಲ್ಲಿ ತೆಗೆಯಿರಿ.

ಹಂತ 8: ಫ್ರೇಮಿನಲ್ಲಿ ಬಂಡೆ ಇರಲಿ

ಫ್ರೇಮ್ ತುಂಬ ಹಕ್ಕಿ, ಹಿಂದೆ ನಯವಾದ ಹಸಿರು. ಇಂಥ ಫೋಟೋ ಮೆಚ್ಚುಗೆ ತರುತ್ತದೆ, ನಿಜ. ಆದರೆ ಅದನ್ನು ನೋಡಿದವರಿಗೆ ಈ ಹಕ್ಕಿ ಎಲ್ಲಿ ಬದುಕುತ್ತದೆ ಎಂದು ಗೊತ್ತಾಗುವುದಿಲ್ಲ. ನನ್ನ ಸಲಹೆ, ಪ್ರತಿ ಸಲ ಎರಡು ಬಗೆ ತೆಗೆಯಿರಿ. ಒಂದು ಹತ್ತಿರದ್ದು. ಇನ್ನೊಂದು ಜೂಮ್ ಹಿಂದಕ್ಕೆ ಎಳೆದು, ಗುಂಡುಕಲ್ಲು, ಸಂದಿಯ ಮರ, ಅದರಲ್ಲಿ ಮೂಲೆಗೆ ಸಣ್ಣದಾಗಿ ಹಕ್ಕಿ. ಮುಂದೊಂದು ದಿನ ಯಾವುದಾದರೂ ಗುಡ್ಡಕ್ಕೆ ಕಲ್ಲು ಒಡೆಯುವವರು ಬಂದರೆ, ಇಲ್ಲಿ ಇಂಥ ಹಕ್ಕಿ ಇದೆ ಎಂದು ತೋರಿಸಲು ಬೇಕಾಗುವುದು ಈ ಎರಡನೆಯ ಫೋಟೋ. ಆ ಚಿತ್ರಕ್ಕೆ ಎಫ್ 8 ಇಡಿ, ಬಂಡೆಯ ಮೈ ಚೆನ್ನಾಗಿ ಬರಲಿ.

ಹಂತ 9: ಇವನ್ನು ಮಾಡಬೇಡಿ

ಧ್ವನಿ ಹಾಕಿ ಕರೆಯುವುದು. ಹಕ್ಕಿಗೆ ಅದು ತನ್ನ ಜಾಗಕ್ಕೆ ಬೇರೊಬ್ಬ ನುಗ್ಗಿದ ಸದ್ದು. ತಿನ್ನುವುದು ಬಿಟ್ಟು, ಕೆಲವೊಮ್ಮೆ ಗೂಡು ಬಿಟ್ಟು, ಜಗಳಕ್ಕೆ ಬರುತ್ತದೆ. ಈ ಹಕ್ಕಿಗೆ ಇರುವುದೇ ಅಲ್ಲಲ್ಲಿ ಚದುರಿದ ಕೆಲವು ಗುಡ್ಡಗಳು. ಅಲ್ಲಿಗೆ ಪ್ರತಿ ವಾರ ಒಬ್ಬೊಬ್ಬರು ಬಂದು ಹೀಗೆ ಮಾಡಿದರೆ ಏನಾಗಬೇಕು, ಅಲ್ವಾ?

ಬಾಯಲ್ಲಿ ಹುಲ್ಲೋ ಹುಳುವೋ ಹಿಡಿದ ಹಕ್ಕಿ ಕಂಡರೆ ಗೂಡು ಹತ್ತಿರವಿದೆ ಎಂದರ್ಥ. ಆ ಕ್ಷಣ ಎದ್ದು ಹಿಂದೆ ಬನ್ನಿ. ಗೂಡಿನ ಫೋಟೋ ತೆಗೆಯಬೇಡಿ, ಕೊಂಬೆ ಸರಿಸಬೇಡಿ, ಜಾಗವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಹಕ್ಕಿ ಹಿಡಿಯುವುದು, ಗೂಡು ಮುಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಹಣ್ಣು ತಂದು ಬಂಡೆ ಮೇಲೆ ಇಟ್ಟು ಹಕ್ಕಿಯನ್ನು ಕರೆಸುವ ಪದ್ಧತಿಯೂ ಬೇಡ. ಅದಕ್ಕೆ ಮೊದಲು ಬರುವುದು ಕೋತಿ, ಆಮೇಲೆ ಕರಡಿ.

ಹಂತ 10: ಮನೆಗೆ ಬಂದ ಮೇಲೆ

ಅದೇ ದಿನ ಬರೆದಿಡಿ. ದಿನಾಂಕ, ಹೊತ್ತು, ಎಷ್ಟು ಹಕ್ಕಿ, ಯಾವ ಮರದ ಹಣ್ಣು, ದೊಣೆಯಲ್ಲಿ ನೀರಿತ್ತಾ, ಗಾಳಿ ಹೇಗಿತ್ತು. ವರ್ಷ ಕಳೆದ ಮೇಲೆ ಈ ಟಿಪ್ಪಣಿಯೇ ನಿಮಗೆ ಮುಂದಿನ ಸಲ ಯಾವ ತಿಂಗಳು ಯಾವ ಇಳಿಜಾರಿಗೆ ಹೋಗಬೇಕು ಎಂದು ಹೇಳುತ್ತದೆ.

ಎಡಿಟ್ ಮಾಡುವಾಗ ಹಳದಿಯ ಸ್ಯಾಚುರೇಶನ್ ಏರಿಸಬೇಡಿ. ತಲೆಯ ಹಸಿರು ಹಳದಿಗೂ ಗಂಟಲಿನ ಚೊಕ್ಕ ಹಳದಿಗೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ. ಐಎಸ್‌ಒ ಜಾಸ್ತಿಯಾಗಿ ಕಾಳುಕಾಳಾಗಿದ್ದರೆ ಹಿನ್ನೆಲೆಯಲ್ಲಿ ಮಾತ್ರ ನಾಯ್ಸ್ ತೆಗೆಯಿರಿ, ಪುಕ್ಕಗಳ ಮೇಲೆ ಬೇಡ.

ಇ-ಬರ್ಡ್‌ಗೆ ಪಟ್ಟಿ ಹಾಕುವಾಗ ಆ ದಿನ ಕಂಡ ಎಲ್ಲ ಹಕ್ಕಿಗಳನ್ನೂ ಸೇರಿಸಿ, ಬಿಳಿಹುಬ್ಬಿನದ್ದನ್ನೂ. ಗೂಡಿನ ಸೂಚನೆ ಕಂಡಿದ್ದರೆ ಜಾಗವನ್ನು ಕರಾರುವಾಕ್ಕಾಗಿ ಗುರುತಿಸದೆ ಇಡೀ ಗುಡ್ಡದ ಹೆಸರು ಹಾಕಿ. ಫೋಟೋ ಮಸುಕಾಗಿದ್ದರೂ ಅಳಿಸಬೇಡಿ. ಮುಖದಲ್ಲಿ ಬಿಳಿ ಹುಬ್ಬಿಲ್ಲ, ಗಂಟಲು ಹಳದಿ, ಎದೆ ಬೂದು, ಬಾಲದ ತುದಿ ತಿಳಿ ಎನ್ನುವ ನಾಲ್ಕರಲ್ಲಿ ಮೂರು ಕಂಡರೂ ದಾಖಲೆಗೆ ಅದು ಸಾಕು. ಬರೀ ಬೆನ್ನು ಕಾಣುವ ಚಿತ್ರವಾದರೆ ಹೆಸರು ಹಾಕದೆ ಪಿಕಳಾರ ಎಂದಷ್ಟೇ ನಮೂದಿಸಿ.